ಪರದೆಗೆ ಹಾಕಿದ ಬೀಗ

ಗುಡ್ಡದ ಬುಡದಲ್ಲಿ ಬಡವರಿಗೆಂದು ಎದ್ದ ನಲವತ್ತು ಮನೆಗಳ ಕಟ್ಟಡವಿದೆಯಲ್ಲ, ಅದನ್ನು ನಾನೊಬ್ಬನೇ ಒಂದು ಲೋಟ ಚಹಾ ಆರುವಷ್ಟರಲ್ಲಿ ಕಟ್ಟಿ ಮುಗಿಸಿದೆ. ಅನುಮಾನವಿದ್ದರೆ ಗುಡ್ಡದ ತುದಿಯ ಟೈಲರಮ್ಮನನ್ನು ಕೇಳಿ. ಅವಳೂ ನಂಬಲಿಲ್ಲ.

"ಮತ್ತೆ ಮೇಸ್ತ್ರಿಗಳು ಏನ್ ಮಾಡ್ತಿದ್ರು?" ಎಂದಳು, ಹಲ್ಲಲ್ಲಿ ದಾರ ಕಚ್ಚಿಕೊಂಡೇ.

"ನಿಂತು ಚಪ್ಪಾಳೆ ತಟ್ತಿದ್ರು."

ನಗುವಾಗ ಮೊದಲು ಅವಳ ಎಡಗಣ್ಣು ನಗುತ್ತದೆ. ಬಲಗಣ್ಣು ಸ್ವಲ್ಪ ಯೋಚಿಸಿ ಆಮೇಲೆ ಸೇರಿಕೊಳ್ಳುತ್ತದೆ. ಆ ಅರೆಗಳಿಗೆಯ ಅಂತರ ನೋಡಲೆಂದೇ ಮೂರು ತಿಂಗಳಿಂದ ನೂರಾ ಹನ್ನೆರಡು ಮೆಟ್ಟಿಲು ಹತ್ತುತ್ತಿದ್ದೆ, ಕೈಯಲ್ಲಿ ಗುಂಡಿ ಕಿತ್ತ ಅಂಗಿ ಹಿಡಿದು.

ನಾನು ವಸತಿ ಕಚೇರಿಯ ಸರ್ವೆಯವನು. ನನ್ನ ಪಟ್ಟಿಯಲ್ಲಿದ್ದ ಉಳಿದವರಿಗೆಲ್ಲ ಕೆಳಗೆ ಮನೆ ಸಿಕ್ಕಿತು. ಇವಳಿಗೂ ಮೊಣಕಾಲು ಮಡಚಲಾಗದ ಇವಳ ಅಮ್ಮನಿಗೂ ಸಿಗಲಿಲ್ಲ. ಯಾಕೆಂದು ಕೇಳಲು ಅವಳು ಕಚೇರಿಗೆ ಬಂದ ದಿನವೇ ಮೊದಲು ನೋಡಿದ್ದು. "ಕಂಪ್ಯೂಟರ್ ಮಾಡಿದ ತಪ್ಪು. ನಿಮಗೋಸ್ಕರ ಹುಲಿ ಥರ ಹೋರಾಡ್ತೀನಿ," ಎಂದುಬಿಟ್ಟೆ. ಅಂದಿನಿಂದ ಅಮ್ಮ ನನ್ನನ್ನು 'ದೇವರಂಥ ಹುಡುಗ' ಎನ್ನುತ್ತಾರೆ. ಕೇಳಿದಾಗಲೆಲ್ಲ ನಾನು ಅಂಗಿಯ ಗುಂಡಿ ನೋಡಿಕೊಳ್ಳುತ್ತೇನೆ.

ಉಳಿದಿದ್ದುದು ನೆಲಮಹಡಿಯ ಒಂದೇ ಮನೆ. ಇವತ್ತು ಅದೂ ಬೇರೆಯವರ ಪಾಲಾಗುವುದಿತ್ತು. ನಿನ್ನೆ ಅವಳು ಮಿಷನ್ ನಿಲ್ಲಿಸಿದಳು.

"ಆಫೀಸಿಗೆ ಹೋಗಿ ಪಟ್ಟಿ ನೋಡ್ದೆ ಸರ್. ಸರ್ವೆ ದಿನ ನಮ್ಮನೆಗೆ ಬೀಗ ಇತ್ತಂತೆ. ಎಷ್ಟು ದೊಡ್ಡದು?"

"ಆನೆ ಕಟ್ಟಿಹಾಕೋವಷ್ಟು!" ಹಾಳು ನಾಲಿಗೆ, ನನ್ನನ್ನು ಕೇಳಿ ಓಡುವುದಿಲ್ಲ.

ಯಾವ ಕಣ್ಣೂ ನಗಲಿಲ್ಲ. ಹೊಸ್ತಿಲಿನ ನೀಲಿ ಪರದೆ ಹಿಡಿದು ತೋರಿಸಿದಳು. "ಬಾಗಿಲನ್ನ ಗೆದ್ದಲು ತಿಂದು ಆರು ವರ್ಷ ಆಯ್ತು. ಬೀಗ ಎಲ್ಲಿ ನೇತಾಕಿದ್ರಿ, ತೋರ್ಸಿ. ಅವತ್ತು ನಮ್ಮಮ್ಮ ಸಂಜೆ ತನಕ ಇದೇ ಹೊಸ್ತಿಲಲ್ಲಿ ಕಾಯ್ತಾ ಕೂತಿದ್ರು."

ಮೂರು ತಿಂಗಳು ಆ ಪರದೆ ಸರಿಸಿಕೊಂಡೇ ಒಳಗೆ ಬಂದಿದ್ದೇನೆ.

"ನಾನು ಹತ್ಲೇ ಇಲ್ಲ," ಎಂದೆ. "ಮೂವತ್ತನೇ ಮೆಟ್ಟಿಲಿಗೇ ಏದುಸಿರು ಬಂತು. ಅಲ್ಲೇ ಅಂಗಡೀಲಿ ಚಹಾ ಹೇಳ್ದೆ. ಉಳಿದಿದ್ದು ನಿಮ್ಮನೆ ಒಂದೇ. ಲೋಟ ಆರೋದ್ರೊಳಗೆ 'ಬೀಗ ಹಾಕಿದೆ' ಅಂತ ಬರೆದೆ. ಮತ್ತೆ... ಗುಂಡಿಗಳನ್ನ ಕಿತ್ತಿದ್ದೂ ನಾನೇ. ನಿಮ್ಮನ್ನ ನೋಡೋಕೆ."

"ಕತ್ತರಿ ಹಾಕಿದ ದಾರ ಟೈಲರಿಗೆ ಗೊತ್ತಾಗಲ್ವಾ? ಮೊದಲ ದಿನವೇ ಗೊತ್ತು." ಒಂದು ಹಾಳೆ ಮುಂದಿಟ್ಟಳು. "ಈಗ ಹೇಳಿದ್ದನ್ನ ಬರೀರಿ. ಗುಂಡಿ ವಿಷಯ ಬೇಡ."

"ಕೆಲಸ ಹೋಗಬಹುದು."

ಅವಳು ಪೆನ್ನನ್ನೂ ಮುಂದಿಟ್ಟಳು. ಒಳಗೆ ಅಮ್ಮ ಗೋಡೆ ಹಿಡಿದು ಏಳುವ ಸದ್ದಾಯಿತು. ನಾನು ಬರೆದೆ, ಸಹಿ ಹಾಕಿದೆ.

ಬೆಳಿಗ್ಗೆ ಆ ಹಾಳೆಯನ್ನು ಸಾಹೇಬರ ಮೇಜಿನ ಮೇಲಿಟ್ಟು ಬಂದೆ. ಮನೆ ಹಂಚುವುದನ್ನು ತಡೆದಿದ್ದಾರೆ, ನನ್ನನ್ನೂ ಕೆಲಸದಿಂದ. ಆ ಕಟ್ಟಡದ ಒಂದು ಇಟ್ಟಿಗೆಯನ್ನೂ ನಾನು ಮುಟ್ಟಿದವನಲ್ಲ. ಚಹಾ ಆರುವಷ್ಟರಲ್ಲಿ ನಾನು ಮಾಡಿದ್ದು ಇಷ್ಟೇ: ಒಂದು ಮನೆ ಕೆಡವಿದೆ.

ಸಂಜೆ ಮತ್ತೆ ಹತ್ತಿದೆ, ಏಳು ಕಡೆ ಕೂತು. ಅದನ್ನೂ ಹೇಳಿದೆ. ಎಡಗಣ್ಣು ನಕ್ಕಿತು. ಬಲಗಣ್ಣು ಇನ್ನೂ ಯೋಚಿಸುತ್ತಿದೆ.