ಹಸಿರು ಫ್ರಾಕಿನ ಎಡಮೈ

"ಇದನ್ನ ಬಿಚ್ಚಬೇಡ ಕಣಮ್ಮ," ಎಂದಳು ಗುಂಡಿ ಅಜ್ಜಿ. "ಇದರ ಎರಡೂ ಮೈ ಒಂದೇ ಅಲ್ಲ."

ಟೇಪಕ್ಕ ನಕ್ಕಳು. ಎಂಥ ನಗುವೆಂದರೆ, ಆ ಹಳೇ ಅಂಗಡಿಯ ಗಾಜಿನ ಭರಣಿಗಳಲ್ಲಿದ್ದ ಹತ್ತು ಲಕ್ಷ ಗುಂಡಿಗಳೂ ಗಲಗಲ ಎಂದು ಜೊತೆಗೂಡಿದವು. ಹತ್ತು ಲಕ್ಷಕ್ಕೆ ಒಂದೂ ಕಮ್ಮಿಯಿಲ್ಲ.

ಅಂಗಡಿ ಮುಚ್ಚುವ ವಾರ ಅದು. ಗುಂಡಿ, ಲೇಸು, ದಾರ ಮಾರುತ್ತ ಅರವತ್ತು ವರ್ಷ ಅದೇ ಸ್ಟೂಲಿನ ಮೇಲೆ ಕೂತ ಅಜ್ಜಿ, ಉಳಿದದ್ದನ್ನೆಲ್ಲ ಬಂದವರ ಕೈಗಿಟ್ಟು ಕಳಿಸುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಬಲ್ಬು ಕೂಡ ಇರಲಿಲ್ಲ. ನ್ಯಾಫ್ತಲೀನ್ ಗುಳಿಗೆಯ ವಾಸನೆ, ಇಲಿಯ ವಾಸನೆ, ಅವೆರಡರ ಅಡಿಯಲ್ಲಿ ಮೂರನೆಯದೊಂದು: ಸುಟ್ಟ ಕೂದಲಿನದು. ಆ ಕತ್ತಲೆಯಲ್ಲಿ ಕೈಯಾಡಿಸಿ ಟೇಪಕ್ಕ ಎಳೆದು ತೆಗೆದದ್ದು ಈ ಫ್ರಾಕು. ಕಡುಹಸಿರು. ಮುತ್ತಜ್ಜಿಯರ ಕಾಲದ ಅಗಲ ಕಾಲರು, ಬೊಗಸೆಗೆ ಸಿಗುವ ಸೊಂಟ, ಒಮ್ಮೆ ಗಿರಕಿ ಹೊಡೆದರೆ ಬೀದಿಯನ್ನೇ ಗುಡಿಸಿಹಾಕುವಷ್ಟು ಘೇರು.

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಅವಳು ಟೇಪಕ್ಕ. ಸ್ನಾನಕ್ಕೂ ಅದನ್ನು ತೆಗೆಯುವುದಿಲ್ಲವೆಂದು ತಂಗಿಯ ಗೇಲಿ. ತಾನು ತೊಡುವುದನ್ನೆಲ್ಲ ತಾನೇ ಹೊಲಿದುಕೊಳ್ಳುವವಳು, ಅದೂ ಎಪ್ಪತ್ತು ವರ್ಷ ಹಿಂದಿನ ಮಾದರಿಯಲ್ಲಿ. ಅಷ್ಟು ಸಾಲದೆಂದು ಆ ಮಾದರಿಗಳ ಕಾಗದದ ಪ್ಯಾಟರ್ನು ಬರೆದು, ಎಂಟು ಸೈಜಿಗೆ ಹಿಗ್ಗಿಸಿ ಕುಗ್ಗಿಸಿ, ತನ್ನಂಥದೇ ಹುಚ್ಚಿನವರಿಗೆ ಮಾರುತ್ತಿದ್ದಳು. ಕಂಪನಿಯೂ ಅವಳೇ, ಯಜಮಾನಿಯೂ ಅವಳೇ, ಬೈಸಿಕೊಳ್ಳುವ ಗುಮಾಸ್ತೆಯೂ ಅವಳೇ. ಟೇಪಕ್ಕ ಕತ್ತರಿ ಎತ್ತಿದರೆ ಬಟ್ಟೆ ಹೆದರಿ ತಾನಾಗಿ ಎರಡಾಗುತ್ತದೆ ಎಂಬ ಮಾತು ಊರೆಲ್ಲ ಹಬ್ಬಿತ್ತು. ಹಬ್ಬಿಸಿದವಳೂ ಅವಳೇ.

"ಎರಡು ಮೈ ಒಂದೇ ಅಲ್ಲ ಅಂದ್ರೆ ಹೊಲಿದವರ ಕೈ ನಡುಗಿದೆ ಅಂತ, ಅಷ್ಟೇ ಅಜ್ಜಿ. ನಾನು ಸರಿಮಾಡ್ತೀನಿ ಬಿಡಿ."

ಅಜ್ಜಿ ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫ್ರಾಕು ಚೀಲದಲ್ಲಿತ್ತು, ಟೇಪಕ್ಕ ಬೀದಿಯಲ್ಲಿದ್ದಳು.

ಅಕ್ಕತಂಗಿಯರ ಮನೆಯೆಂದರೆ ಮಹಡಿಯ ಮೇಲಿನ ಎರಡು ಕೋಣೆ. ಒಂದು ಕಿಟಕಿಯಡಿ ಹೊಲಿಗೆ ಮಿಷನ್ನು, ಇನ್ನೊಂದರಡಿ ತಂಗಿಯ ಮೇಜು. ತಂಗಿ ಗಡಿಯಾರ ರಿಪೇರಿ ಮಾಡುತ್ತಿದ್ದಳು. ಅವಳ ಬಲಗೈ ಬೆರಳುಗಳ ಖ್ಯಾತಿ ಸಾಮಾನ್ಯದ್ದಲ್ಲ. ಕಣ್ಣು ಮುಚ್ಚಿ ಚಕ್ರದ ಹಲ್ಲು ಎಣಿಸುವಳು. ಸಾಸಿವೆಯ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ಮುಟ್ಟಿ ಹೇಳುವಳು. ಮನೆಯ ಒಲೆ ಉರಿಯುತ್ತಿದ್ದದ್ದು ಆ ಬೆರಳುಗಳಿಂದ. ಗೋಡೆಯ ಮೇಲೆ, ಕಪಾಟಿನಲ್ಲಿ, ಅಡಿಗೆ ಡಬ್ಬಗಳ ನಡುವೆ ಕೂಡ ಗಡಿಯಾರಗಳು. ಅವುಗಳ ಟಿಕ್ ಟಿಕ್ ಎಷ್ಟಿತ್ತೆಂದರೆ ಮಹಡಿ ಹತ್ತುವವರು ಮಳೆ ಬಂತೆಂದು ಕೊಡೆ ಬಿಚ್ಚುತ್ತಿದ್ದರು.

ಮಳೆಯಂಥ ಆ ಸದ್ದಿನಲ್ಲಿ ಕೂತು ಟೇಪಕ್ಕ ಫ್ರಾಕಿನ ಹೊಲಿಗೆ ಬಿಚ್ಚತೊಡಗಿದಳು. ಬಲ ಅರ್ಧ ಅದ್ಭುತವಾಗಿತ್ತು. ಇರುವೆ ಕೂತು ಹೊಲಿದಂತೆ ಸಣ್ಣ, ಬಿಗಿ, ನೆಟ್ಟನೆ ಸಾಲು. ಎಡ ಅರ್ಧ ದರಿದ್ರ. ಉದ್ದುದ್ದ ಹೊಲಿಗೆ, ಅಲ್ಲಲ್ಲಿ ಸೊಟ್ಟ, ಬಟ್ಟೆಯ ಮೇಲೆ ನೀರು ಬಿದ್ದು ಒಣಗಿದಂಥ ಕಲೆಗಳು.

"ಅಕ್ಕ, ಈ ಬಲಗಡೆ ಹೊಲಿಗೆಯೊಳಗೆ ಕೂದಲಿದೆ," ಎಂದಳು ಬಗ್ಗಿ ನೋಡಿದ ತಂಗಿ. ನಿಜ. ದಾರದ ಜೊತೆ ಸುತ್ತಿಕೊಂಡು ಉದ್ದಕ್ಕೂ ಒಂದು ಕೂದಲೆಳೆ.

"ಪಾಪ, ದಾರ ಸಾಲದೆ ಬಂದಿರ್ಬೇಕು."

ಪ್ಯಾಟರ್ನು ಬರೆಯುವವರಲ್ಲಿ ಒಂದು ರೂಢಿಯಿದೆ. ಯಾರೂ ಇಡೀ ಮೈ ಬರೆಯುವುದಿಲ್ಲ. ಅರ್ಧ ಬರೆದು, ಆ ಕಾಗದದ ನಡುಗೆರೆಯನ್ನು ಬಟ್ಟೆಯ ಮಡಿಕೆಗೆ ಕೂರಿಸಿ ಕತ್ತರಿಸಿದರೆ, ಬಿಡಿಸಿದಾಗ ಎಡಬಲ ಎರಡೂ ಸಿಗುತ್ತವೆ. ಕಸುಬಿನ ಮೊದಲ ಪಾಠವೇ ಅದು. ಟೇಪಕ್ಕ ಚೆನ್ನಾಗಿದ್ದ ಬಲ ಅರ್ಧವನ್ನು ಕಾಗದಕ್ಕಿಳಿಸಿದಳು. ಎಡ ಅರ್ಧ ಮಿಷನ್ನಿನ ಎಣ್ಣೆ ಒರೆಸುವ ಚಿಂದಿಯಾಯಿತು.

ಮಾರುವ ಮುಂಚೆ ಪ್ಯಾಟರ್ನನ್ನು ನಾಲ್ಕಾರು ಜನರಿಂದ ಹೊಲಿಸಿ ತೊಡಿಸಿ ನೋಡುವುದು ಅವಳ ಕ್ರಮ. ಅದು ಐವರಿಗೆ ಹೋಯಿತು: ನರ್ಸಮ್ಮ, ಬಸ್ ಕಂಡಕ್ಟರಮ್ಮ, ಟೀಚರು, ಬೇಕರಿಯವಳು, ಐದನೆಯವಳು ತಂಗಿ. ತನಗೂ ಒಂದನ್ನು ಹೊಲಿದುಕೊಂಡು, ತೊಟ್ಟು, ಕಿಟಕಿಯ ಬಳಿ ನಿಂತು ಫೋಟೋ ತೆಗೆಸಿಕೊಂಡಳು. ಆ ಫೋಟೋ ನೋಡಿದ ಸಿನಿಮಾ ನಟಿಯರು ಕಸುಬು ಬಿಡುವುದೊಂದೇ ಬಾಕಿ.

ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಇಸ್ತ್ರಿ ಮಾಡುತ್ತಿದ್ದಾಗ ವಾಸನೆ ಬಂತು. ಉಣ್ಣೆ ಸುಡುವ ವಾಸನೆ. ಯಾವುದೋ ಬಟ್ಟೆಗೆ ಶಾಖ ಜಾಸ್ತಿಯಾಯಿತು ಅಂದುಕೊಂಡಳು. ಮೇಜಿನ ಮೇಲಿದ್ದದ್ದು ಬರೀ ಹತ್ತಿ. ವಾಸನೆ ಹೆಚ್ಚಿತು. ಸಣ್ಣಗೆ ಚುರ್ ಎಂಬ ಸದ್ದು. ಕೆಳಗೆ ನೋಡಿದಳು.

ಅವಳ ಬಲಗೈ ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿತ್ತು.

ನೋವಿಲ್ಲ. ಬಿಸಿಯಿಲ್ಲ. ಕೈ ಎತ್ತಿದಳು. ಚರ್ಮ ಎದ್ದು ಬಂತು. ಗುಂಡುಸೂಜಿ ತೆಗೆದು ಹೆಬ್ಬೆರಳಿಗೆ ಚುಚ್ಚಿದಳು. ಅರ್ಧ ಸೂಜಿ ಒಳಗಿಳಿಯಿತು. ಬೇರೆ ಯಾರದೋ ಕೈಗೆ ಚುಚ್ಚಿದಂತಿತ್ತು.

ಅದೇ ಸಂಜೆ ಫೋನು ಮೇಲಿಂದ ಮೇಲೆ ಗುಣುಗಿತು. ಫ್ರಾಕು ಬಹಳ ಚೆನ್ನಾಗಿ ಕೂತಿದೆ ಎಂದೇ ಎಲ್ಲರ ಮಾತು ಶುರು. ಆಮೇಲೆ ನರ್ಸಮ್ಮ, ಯಾಕೋ ಬಲಗೈಗೆ ರೋಗಿಗಳ ನಾಡಿ ಸಿಗುತ್ತಿಲ್ಲ ಎಂದಳು. ಕಂಡಕ್ಟರಮ್ಮನ ಬೆರಳಿಗೆ ಚಿಲ್ಲರೆ ನಿಲ್ಲುತ್ತಿರಲಿಲ್ಲ. ಟೀಚರು ಬೋರ್ಡಿನ ಮೇಲೆ ಬರೆಯುತ್ತಲೇ ಇದ್ದರಂತೆ. ಸೀಮೆಸುಣ್ಣ ಆಗಲೇ ಕೆಳಗೆ ಬಿದ್ದಿತ್ತು, ಬೋರ್ಡಿಗೆ ಉಜ್ಜುತ್ತಿದ್ದದ್ದು ಉಗುರು. ಬೇಕರಿಯವಳು ಓವನ್ನಿನ ತಟ್ಟೆಯನ್ನು ಬರಿಗೈಯಲ್ಲಿ ಎಳೆದಿದ್ದಳು.

ಮರುದಿನ ಬೆಳಿಗ್ಗೆಯೇ ಅಕ್ಕತಂಗಿ ಇಬ್ಬರೂ ಗುಂಡಿ ಅಜ್ಜಿಯ ಅಂಗಡಿಯಲ್ಲಿದ್ದರು. ಕಪಾಟುಗಳು ಬರಿದಾಗಿದ್ದವು. ಅಜ್ಜಿ ಟೇಪಕ್ಕನ ಕಟ್ಟು ಹಾಕಿದ್ದ ಕೈ ನೋಡಿದಳು.

ಅದು ತನ್ನ ನಾದಿನಿ ಹೊಲಿದ ಫ್ರಾಕು ಎಂದಳು. ನಾದಿನಿಯ ಗಂಡನನ್ನು ಮರುಳು ಮಾಡಿ ಕರೆದುಕೊಂಡು ಹೋದವಳೇ ಒಂದು ದಿನ ಗಿರಾಕಿಯಾಗಿ ಬಂದು ಅಳತೆ ಕೊಟ್ಟಳಂತೆ. ನಾದಿನಿ ಬಾಯಿಬಿಡದೆ ಅಳತೆ ತೆಗೆದುಕೊಂಡಳು. ಮಾಟ ಬಲ್ಲವನೊಬ್ಬನಿಂದ ಕೂದಲು ಕಟ್ಟಿಸಿಕೊಂಡು ಬಂದು, ಒಂದೊಂದು ಹೊಲಿಗೆಗೂ ಒಂದೊಂದು ಶಾಪ ಹಾಕುತ್ತ ಬಲ ಅರ್ಧ ಮುಗಿಸಿದಳು. ಅಷ್ಟರಲ್ಲಿ ಆ ಹೆಂಗಸು ಬಸುರಿ ಎಂದು ತಿಳಿಯಿತು. ಎಡ ಅರ್ಧವನ್ನು ನಾದಿನಿ ಅಳುತ್ತ ಹೊಲಿದಳು. ಎಡಗಡೆ ಬಲಗಡೆಯನ್ನು ಕಟ್ಟಿಹಾಕಿತು. ಯಾರಿಗೂ ಏನೂ ಆಗಲಿಲ್ಲ.

"ನೀನು ಬಲಗಡೆಯನ್ನೇ ಎರಡು ಮಾಡಿದೆ," ಎಂದಳು ಅಜ್ಜಿ. "ಶಾಪ ಆ ಅಳತೆಯಲ್ಲೇ ಕೂತಿದೆ. ಅದು ಕೈಯಿಂದ ಹತ್ತುತ್ತೆ. ಎದೆ ಮುಟ್ಟಿದ್ರೆ ಮುಗೀತು."

ಪರಿಹಾರವೂ ಇತ್ತು. ಪ್ರತಿ ಫ್ರಾಕಿನ ಎಡಮೈ ಬಿಚ್ಚಿ, ಹಳೆಯ ಎಡ ಅರ್ಧದ ಅಳತೆಯಲ್ಲೇ ಹೊಸದು ಹೊಲಿಯಬೇಕು. ತಪ್ಪು ಮಾಡಿದವಳೇ ಹೊಲಿಯಬೇಕು. ಮನಸ್ಸು ಕರಗಿ ಹೊಲಿಯಬೇಕು. ಕರಗಿದ್ದು ಹೊಲಿಗೆಯೊಳಗೇ ಉಳಿಯುತ್ತದೆ, ತಿರುಗಿ ಬರುವುದಿಲ್ಲ.

"ನಾದಿನಿ ಹೊಲಿದದ್ದು ಒಂದೇ ಒಂದು. ಆಮೇಲೆ ತನ್ನ ಮಗ ತೀರಿಕೊಂಡಾಗ, ಹೆಣದ ಮುಂದೆ ನಿಂತು, ಹೊದಿಸಿದ ಬಟ್ಟೆಯ ಅಂಚು ಸೊಟ್ಟಗಿದೆ ಅಂದಳು. ಬೇರೇನೂ ಅನ್ನಲಿಲ್ಲ. ನೀನು ಎಷ್ಟು ಜನಕ್ಕೆ ಕಳಿಸಿದೀಯ?"

"ಐದು."

"ನಾಲ್ಕೇ," ಎಂದಳು ಎಡಗೈಯಿಂದ ಅಕ್ಕನ ತೋಳು ಹಿಡಿದು ನಿಂತಿದ್ದ ತಂಗಿ, ತಡವರಿಸದೆ. "ನಾನಿನ್ನೂ ಬಟ್ಟೆ ಕತ್ತರಿಸೇ ಇಲ್ಲ."

ಟೇಪಕ್ಕನಿಗೆ ಹೋದ ಉಸಿರು ಬಂದಂತಾಯಿತು. ಆ ಕಾಗದವನ್ನು ಇವತ್ತೇ ಸುಡು ಎಂದಳು. ಸುಡುತ್ತೇನೆ ಎಂದಳು ತಂಗಿ.

ಚಿಂದಿಯ ಡಬ್ಬದಿಂದ ಎಣ್ಣೆ ಮೆತ್ತಿದ ಎಡ ಅರ್ಧವನ್ನು ಟೇಪಕ್ಕ ಹೆಕ್ಕಿದಳು. ಪ್ಯಾಟರ್ನಿನ ಹಾಳೆಗಳನ್ನೆಲ್ಲ ಸುಟ್ಟಳು. ತನ್ನ ಫ್ರಾಕನ್ನು ಮೂಟೆ ಕಟ್ಟಿ ಕಪಾಟಿನ ಮೇಲೆ ಎಸೆದಳು, ತನ್ನದು ಕೊನೆಗೆ. ನಾಲ್ಕು ಫ್ರಾಕುಗಳು ಮನೆಗೆ ಬಂದವು.

ಮೊದಲು ನರ್ಸಮ್ಮನದು. ಹಿಡಿತ ಗೊತ್ತಾಗದ ಬಲಗೈಯಲ್ಲಿ ಸೂಜಿ ಜಾರುತ್ತಿತ್ತು. ನಾಡಿ ಸಿಗದೆ ಗಾಬರಿಯಾದ ಆ ಹೆಂಗಸನ್ನು ನೆನೆದು ಟೇಪಕ್ಕ ಅತ್ತಳು. ಎಂಥ ಅಳುವೆಂದರೆ ಕೆಳಗಿನ ಮನೆಯವರು ನಲ್ಲಿ ಸೋರುತ್ತಿದೆಯೆಂದು ಮೇಲೆ ಬಂದು ನೋಡಿದರು. ಹೊಲಿಗೆ ಸೊಟ್ಟಸೊಟ್ಟ ಬಂತು. ಕೊನೆಯ ಗಂಟು ಬಿದ್ದ ಗಳಿಗೆಗೆ ಫೋನು: ಕೈ ಜುಮುಜುಮು ಅಂತಿದೆ, ಜೀವ ಬಂತು. ಆ ದಿನ ತಂಗಿ ಕೊಟ್ಟ ಟೀಗೆ ರುಚಿಯಿರಲಿಲ್ಲ. ಸಕ್ಕರೆ ಮರೆತಳೇನೋ ಎಂದುಕೊಂಡಳು. ತಂಗಿ ಎಡಗೈಯಲ್ಲಿ ಕಪ್ಪು ಹಿಡಿದು ಕಿಟಕಿಯಾಚೆ ನೋಡುತ್ತಿದ್ದಳು.

ಕಂಡಕ್ಟರಮ್ಮನದು ಮುಗಿದಾಗ ರೇಡಿಯೋದ ಹಾಡು ಬರೀ ಸದ್ದಾಯಿತು.

ಟೀಚರದು ಮುಗಿದಾಗ ವಾಸನೆಗಳು ಹೋದವು. ಮಿಷನ್ನಿನ ಎಣ್ಣೆ, ಹೊಸ ಬಟ್ಟೆಯ ಗಂಜಿ, ತಂಗಿಯ ತಲೆಗೂದಲು. ಹೋಗಿವೆ ಎಂದು ಗೊತ್ತಾಯಿತು. ಬೇಸರ ಅಷ್ಟಾಗಿ ಆಗಲಿಲ್ಲ.

ಬೇಕರಿಯವಳ ಫ್ರಾಕು ಅರ್ಧಕ್ಕೆ ಬಂದಾಗ ಕಣ್ಣೀರು ನಿಂತಿತು. ಸುಟ್ಟ ಅಂಗೈಯನ್ನು ನೆನೆದಳು. ಇನ್ನೊಮ್ಮೆ ನೆನೆದಳು. ಅಮ್ಮ ಸತ್ತ ದಿನವನ್ನು ಅಗೆದು ತೆಗೆದಳು. ತಳದಲ್ಲಿ ಉಳಿದಿದ್ದ ಒಂದು ಹನಿ ಬಂತು, ಅದರಲ್ಲಿ ಕೊನೆಯ ಸಾಲು ಮುಗಿಯಿತು. ಬೇಕರಿಯವಳು ಓಡಿಬಂದು ತಬ್ಬಿಕೊಂಡು ಬಿಕ್ಕಿದಳು. ಅವಳ ಭುಜದ ಹೊಲಿಗೆ ಅರ್ಧ ಬೆರಳು ಉದ್ದವಾಗಿದೆ ಎಂದು ಟೇಪಕ್ಕನಿಗೆ ಹೊಳೆಯಿತು. ಹೇಳಿದಳು ಕೂಡ.

ಮೂರು ದಿನ ಕಳೆದವು. ಟೇಪಕ್ಕ ಕೂತಳು, ಎದ್ದಳು, ಕೊಟ್ಟದ್ದನ್ನು ಉಂಡಳು. ಕಪಾಟಿನ ಮೇಲಿನ ತನ್ನ ಫ್ರಾಕು ನೆನಪಾದರೂ ಅದರತ್ತ ಕೈ ಹೋಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಏನೋ ಕಮ್ಮಿಯಿದೆ ಅನಿಸಿತು. ಬಹಳ ಹೊತ್ತು ಕೂತು ಯೋಚಿಸಿದಳು.

ಮನೆಯಲ್ಲಿ ಸದ್ದಿರಲಿಲ್ಲ.

ಗೋಡೆಯಲ್ಲಿಲ್ಲ. ಕಪಾಟಿನಲ್ಲಿಲ್ಲ. ಅಡಿಗೆ ಡಬ್ಬಗಳ ನಡುವೆಯೂ ಇಲ್ಲ. ಮಳೆ ನಿಂತಿತ್ತು. ಒಂದಕ್ಕೂ ಕೀಲಿ ಕೊಟ್ಟಿರಲಿಲ್ಲ. ತಂಗಿಯ ಮೇಜಿನ ಮೇಲೆ ಹೊಟ್ಟೆ ಬಗೆದ ಗಡಿಯಾರಗಳು, ಚೆಲ್ಲಿದ ಚಕ್ರಗಳು. ಡ್ರಾಯರು ಎಳೆದಳು. ಕಡುಹಸಿರು. ಮಡಿಚಿಟ್ಟ ಫ್ರಾಕು. ಹೊಲಿದದ್ದು. ತೊಟ್ಟದ್ದು.

ತಂಗಿ ಬಾಗಿಲಲ್ಲಿದ್ದಳು. ಬಲಗೈ ಒದ್ದೆ ಟವೆಲ್ಲಿನಂತೆ ಜೋತುಬಿದ್ದಿತ್ತು. ಮಾತಾಡಿದರೆ ಉಸಿರು ಕಟ್ಟುತ್ತಿತ್ತು.

"ಹೇಳಬಾರದು ಅಂತಿದ್ದೆ. ಒಂದೊಂದು ಫ್ರಾಕಿಗೂ ನೀನು ಅಷ್ಟಷ್ಟೇ ಮುಗಿದು ಹೋಗ್ತಿದ್ದೆ ಅಕ್ಕ." ಆಮೇಲೆ, ಸಣ್ಣಗೆ, "ಈಗ ಎದೆ ಹತ್ರ ಬಂದಿದೆ. ಭಯ ಆಗ್ತಿದೆ."

ಟೇಪಕ್ಕ ಫ್ರಾಕು ತೆಗೆದುಕೊಂಡಳು. ಎಡಮೈ ಬಿಚ್ಚಿದಳು. ಕತ್ತರಿಸಿದಳು. ಸೂಜಿಗೆ ದಾರ ಪೋಣಿಸಿದಳು. ಮರುಗಬೇಕಿತ್ತು. ಜ್ವರದಲ್ಲಿ ರಾತ್ರಿಯೆಲ್ಲ ತನ್ನ ಬೆರಳು ಹಿಡಿದು ಮಲಗುತ್ತಿದ್ದ ಪುಟ್ಟ ತಂಗಿಯನ್ನು ನೆನೆದಳು. ನೆನಪು ಬಂತು. ಜ್ವರ ಎಷ್ಟು ಡಿಗ್ರಿಯಿತ್ತು ಎಂಬುದೂ ಬಂತು. ಬೇರೇನೂ ಬರಲಿಲ್ಲ. ಇನ್ನೊಂದು ಹೊಲಿಗೆ. ಸಾಸಿವೆ ಮುಟ್ಟುವ ಬೆರಳು. ಇನ್ನೊಂದು. ಕೆನ್ನೆ ಹಿಂಡಿದಳು. ಕಣ್ಣಿಗೆ ಉಗುರು ಒತ್ತಿದಳು. ಒಣಗಿತ್ತು. ಇನ್ನೊಂದು. ಇನ್ನೊಂದು. ಪಕ್ಕದಲ್ಲಿ ತಂಗಿಯ ಉಸಿರು ಸೀಳುತ್ತಿತ್ತು. ಸೂಜಿ ನಿಲ್ಲಲಿಲ್ಲ. ಹೊಲಿಗೆ ಸಾಲಾಗಿ ಬಂತು. ಸಣ್ಣಗೆ. ಬಿಗಿಯಾಗಿ. ನೆಟ್ಟನೆ. ಇರುವೆ ಕೂತು ಹೊಲಿದಂತೆ.

ಗಂಟು ಹಾಕಿದಳು. ದಾರ ಕಚ್ಚಿದಳು. ತಂಗಿಗೆ ತೊಡಿಸಿ ಗುಂಡಿ ಹಾಕಿದಳು.

ಕಾದರು.

"ಅಕ್ಕ," ಎಂದಳು ತಂಗಿ, "ಏನೂ ಆಗ್ತಿಲ್ಲ."

ಟೇಪಕ್ಕ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಒಂದು ಪಕ್ಕಕ್ಕೆ ಓಲಿಸಿ, ಕೊರಳಿನ ಟೇಪು ತೆಗೆದು ಅಳೆದಳು. ಭುಜದಿಂದ ಸೊಂಟಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

"ಚೆನ್ನಾಗಿ ಕೂತಿದೆ," ಎಂದಳು. "ಎರಡೂ ಮೈ ಈಗ ಒಂದೇ ಸಮ ಇದೆ."