ಅಂದಾನಪ್ಪ ಹಾರಿಸದ ವಿಮಾನ

"ನೀವು ವಿಮಾನ ಹಾರಸೂದಿಲ್ಲಂತ... ಖರೇನ?"

ಇಳಕಲ್ಲಿನ ಹೊಳಬಸಪ್ಪನ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಭಾವೀ ಅಳಿಯ ಅಂದಾನಪ್ಪ ಬೆಚ್ಚಿಬಿದ್ದ. ಮದುವೆ ನಿಶ್ಚಯವಾಗಿ ಮೂರು ತಿಂಗಳಾದ ಮೇಲೆ ಹೊಳಬಸಪ್ಪನ ಮಗಳು ಸಾವಿತ್ರೆವ್ವ ಅವನೊಂದಿಗೆ ಆಡಿದ ಮೊದಲ ಮಾತು ಇದು! ಮದುವೆಗೆ ಉಳಿದದ್ದು ಎಂಟೇ ದಿನ.

"ಹಾರಸೂದಿಲ್ಲ. ಪ್ಯಾರಾಚೂಟ್ ಮಡಚ್ತೇನಿ."

"ಬಟ್ಟಿ ಅರಬಿ ಮಡಚವರು ಪೈಲಟ್ ಅಂತ ಸುಳ್ಳ ಹೇಳೀರಿ!"

ಸಾವಿತ್ರೆವ್ವನ ಗೆಳತಿ ಕಾಸಿಂಬಿಯ ಅಣ್ಣನೂ ಅಂದಾನಪ್ಪ ಕೆಲಸ ಮಾಡುವ ವಾಯುನೆಲೆಯಲ್ಲೇ ಇದ್ದ. ನಿನ್ನೆ ರಜೆಗೆ ಬಂದವನು ಇದ್ದದ್ದು ಇದ್ದಂಗೆ ಹೇಳಿಬಿಟ್ಟಿದ್ದ.

ಅಂದಾನಪ್ಪ ಮಾಡಿದ್ದು ಇಷ್ಟೇ. ಮಿಗ್ ವಿಮಾನದ ಸೀಟಿನಲ್ಲಿ ಕೂತು ತೆಗೆಸಿದ ಫೋಟೊ ಒಂದನ್ನು ತನ್ನೂರು ಕಮತಗಿಗೆ ಕಳಿಸಿದ್ದ. ಅವನವ್ವ ಬಸಲಿಂಗವ್ವ ಅದನ್ನೇ ಹಿಡಿದು ಮಗ ಪೈಲಟ್ ಎಂದು ಊರೆಲ್ಲ ಸಾರಿದ್ದಳು. ಮಾತುಕತೆಯಲ್ಲಿ ಹಿರಿಯರು ಹೊಲ, ಮನೆತನ ಎಲ್ಲ ವಿಚಾರಿಸಿದರು. ವರನನ್ನು ಒಂದು ಮಾತು ಕೇಳಿದವರಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲವಲ್ಲ!

ಈಗ ಅವನಿಗೂ ಪಿತ್ತ ನೆತ್ತಿಗೇರಿತು.

"ಅರಬಿ ಅಂತ ಹಗರ ಮಾತಾಡಬ್ಯಾಡ! ಮಿಗ್ ಇಳಿಯೂವಾಗ ತಾಸಿಗೆ ಮುನ್ನೂರ ಕಿಲೋಮೀಟರ್ ಓಡತಿರತೈತಿ. ಬರೇ ಬ್ರೇಕಿಗೆ ನಿಲ್ಲೂದಿಲ್ಲ. ನಾ ಮಡಚಿದ ಪ್ಯಾರಾಚೂಟ್ ಬಾಲದಾಗಿಂದ ಬಿಚ್ಚಿ ಹಿಂದಕ್ಕ ಜಗ್ಗಬೇಕು. ಒಂದ ಮಡಿಕಿ ತಪ್ಪಿತಂದ್ರ ಪೈಲಟ್‌ನ ಜೀವಾನ ಹೋಗಬಹುದು! ನಿನಗ ಪೈಲಟ್ಟ ಬೇಕಂದ್ರ ಬ್ಯಾರೆ ವರ ನೋಡ್ಕೊ. ನಾ ಹೊಂಟೆ."

ಸಾವಿತ್ರೆವ್ವ ಬಾಗಿಲಿಗೆ ಅಡ್ಡ ನಿಂತಳು.

"ಪೈಲಟ್ ಯಾರಿಗೆ ಬೇಕಾಗ್ಯಾನ್ರಿ? ರೇಡಿಯೊದಾಗ ಎಲ್ಲೋ ವಿಮಾನ ಬಿತ್ತಂದ್ರ ಮಗ್ಗದಾಗ ಕೂತ ನನ್ನ ಕೈ ತಣ್ಣಗಾಗ್ತಿದ್ವು! ಮೂರು ತಿಂಗಳ ಹೆದರಿ ಹೆದರಿ ಸತ್ತೇನಿ. 'ನಾ ನೆಲದ ಮ್ಯಾಲ ಅದೇನಿ' ಅಂತ ಒಂದ ಕಾಗದ ಬರಿಯಾಕ ಏನಾಗಿತ್ತ ನಿಮಗ?"

ಅಯ್ಯೋ, ಬಾಯಿ ಬಿಟ್ಟೆನಲ್ಲ... ಅವಳ ಮುಖ ಕೆಂಪಾಯಿತು. ಹೊರಟಿದ್ದ ಅಂದಾನಪ್ಪ ಹೊಸ್ತಿಲ ಈಚೆಗೇ ನಿಂತ.

"ಲಗ್ನಕ್ಕ ಮೊದ್ಲ ಹುಡುಗಿಗೆ ಕಾಗದ ಬರಿಯೂ ಪದ್ಧತಿ ಇಲ್ಲಲ್ಲ..."

"ಪದ್ಧತಿಗೆ ಬೆಂಕಿ ಹಾಕ್ರಿ!"

ಅವನು ಎರಡೂ ಕೈ ಮುಂದೆ ಚಾಚಿದ. "ಪ್ಯಾರಾಚೂಟ್ ಮಡಚೂವಾಗ ಇವು ಒಮ್ಮೆನೂ ನಡುಗಿಲ್ಲ ಸಾವಿತ್ರಿ. ಈಗ ನೋಡು."

ನಿಜಕ್ಕೂ ನಡುಗುತ್ತಿದ್ದವು. ಅವಳಿಗೆ ತಡೆಯಲಾಗಲಿಲ್ಲ. ಆ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನ ಬಿಟ್ಟ ಹೋಗ್ತೀರೇನು?"

"ನೀ ಬ್ಯಾಡಂದ್ರ..."

"ಬ್ಯಾಡ ಅಂದೇನೇನು? ಸಿಟ್ಟ ಇನ್ನೂ ಇಳಿದಿಲ್ಲ, ಅಷ್ಟ!"

"ಯಾವಾಗ ಇಳೀತೈತಿ?"

"ಲಗ್ನದ ತನಕ ದಿನಾ ಒಂದ ಕಾಗದ ಬರೀರಿ... ನೋಡೋಣ!"