ನೂರಕ್ಕೆ ಇಪ್ಪತ್ತೊಂದು

"ಅಳೋದಕ್ಕೂ ನಗೋದಕ್ಕೂ ಮಾರ್ಕ್ಸ್ ಕೊಡ್ತೀರಾ ಮೇಡಂ?"

ಲ್ಯಾಬಿನ ಕ್ಯಾಮೆರಾ ರಿಪೇರಿಗೆ ಮೊದಲ ಸಲ ಬಂದವನು ಹಾಗೆ ಕೇಳಿದಾಗ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಜನ ತಮ್ಮ ಭಾವನೆಗಳನ್ನು ಎಷ್ಟು ತೋರಿಸಿಕೊಳ್ಳುತ್ತಾರೆ ಎಂದು ಅಳೆಯುವುದೇ ಅವಳ ಸಂಶೋಧನೆ. ಸೇಡಿಗೆಂದೇ ಅವನನ್ನು ಕೂರಿಸಿ ಇಪ್ಪತ್ತು ಪ್ರಶ್ನೆ ಕೇಳಿದಳು. ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ.

ಬಂದದ್ದು ನೂರಕ್ಕೆ ಇಪ್ಪತ್ತೊಂದು!

ಅಂದಿನಿಂದ ಅವಳ ಬಾಯಲ್ಲಿ ಅವನು 'ಬಂಡೆ'. ನಾಲ್ಕು ತಿಂಗಳಲ್ಲಿ ಆ ಬಂಡೆಗೇ ಮನಸ್ಸು ಕೊಟ್ಟು ಕೂತಿದ್ದಳು, ಪುಣ್ಯಾತ್ಗಿತ್ತಿ!

ನಿನ್ನೆ ಧೈರ್ಯ ಮಾಡಿ, "ನಂಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಮುಂದಿನ ವಾರ ಹೊರಡ್ತೀನಿ," ಎಂದಿದ್ದಳು.

ಅವನು ಬಿಚ್ಚಿಟ್ಟ ಕ್ಯಾಮೆರಾದಿಂದ ತಲೆಯೆತ್ತಲಿಲ್ಲ. "ಒಳ್ಳೇದಾಯ್ತು."

ಅಷ್ಟೇ!

ಮನೆಗೆ ಬಂದು ಅಕ್ಕನ ಹೆಗಲಿಗೊರಗಿ ಅತ್ತಳು. "ಅವನಿಗೆ ಮನಸ್ಸು ಅನ್ನೋದೇ ಇಲ್ಲ ಕಣೇ!"

"ಊರವರ ಮನಸ್ಸೆಲ್ಲ ಅಳೀತೀಯ. ನೀನಾದ್ರೂ ಬಾಯಿ ಬಿಟ್ಟು ಹೇಳಿದ್ಯಾ?" ಅಕ್ಕ ಗದರಿದಳು.

ಇಂದು ಅವನು ಮುದುಡಿದ ಹಾಳೆ ಹಿಡಿದು ಎದುರಿಗೆ ನಿಂತಿದ್ದ. ಅದೇ ಪ್ರಶ್ನೆಗಳ ಇನ್ನೊಂದು ಹಾಳೆ. ಉತ್ತರ ಕೊಟ್ಟವರನ್ನು ಚೆನ್ನಾಗಿ ಬಲ್ಲವರು ಅವರ ಬಗ್ಗೆ ತುಂಬಿಕೊಡಬೇಕಾದದ್ದು. ಅವನದೊಂದೇ ಬಾಕಿಯಿತ್ತು.

"ಇದನ್ನ ನೀವೇ ತುಂಬಬೇಕು."

"ನಾನಾ? ನಿಮ್ಮಮ್ಮನ ಹತ್ರ ತುಂಬಿಸಿ ಅಂದಿದ್ನಲ್ಲ!"

"ಕೇಳ್ದೆ. 'ನಾಲ್ಕು ತಿಂಗಳಿಂದ ಯಾರ ಸುದ್ದಿ ಹೇಳಿ ನನ್ನ ತಲೆ ತಿಂತಿದ್ದೀಯೋ ಅವಳಿಗೇ ಕೊಡು ಹೋಗು' ಅಂದ್ರು."

ಅವಳು ಹಾಳೆ ಇಸಿದುಕೊಂಡು ಪೆನ್ನು ತೆಗೆದಳು.

ಖುಷಿಯಾದರೆ ತೋರಿಸಿಕೊಳ್ಳುತ್ತಾರೆಯೇ? ತಾನು ಬಾಗಿಲು ತೆಗೆದಾಗಲೆಲ್ಲ ಅವನ ಕಿವಿ ಕೆಂಪಾಗುತ್ತಿದ್ದದ್ದು ನೆನಪಾಯಿತು. ಐದು!

ದುಃಖವಾದರೆ? ನಿನ್ನೆ 'ಒಳ್ಳೇದಾಯ್ತು' ಎನ್ನುತ್ತ ಅವನು ಸ್ಕ್ರೂ ಬಿಗಿ ಮಾಡುತ್ತಲೇ ಇದ್ದ, ಅದು ಮುರಿಯುವವರೆಗೂ. ಅಯ್ಯೋ, ನಾನೆಂಥ ಪೆದ್ದಿ! ಅದಕ್ಕೂ ಐದು.

"ಭಯ ಆದ್ರೆ?" ಅವಳು ತಲೆಯೆತ್ತಿದಳು. "ಇದು ನಂಗೊತ್ತಿಲ್ಲ. ನೀವೇ ಹೇಳಿ."

ಅವನು ಈ ಸಲ ಅವಳನ್ನೇ ನೇರವಾಗಿ ನೋಡಿದ.

"ಈಗ ಆಗ್ತಿದೆ. ನೀವಂದ್ರೆ ನಂಗೆ ಪ್ರಾಣ. ಹೋಗ್ಬೇಡಿ ಅನ್ನಲ್ಲ, ಅದು ನೀವು ಆಸೆಪಟ್ಟ ಕೆಲಸ. ನಾನೂ... ಜೊತೆಗೆ ಬರ್ಲಾ?"

ಅವಳ ಕಣ್ಣು ತುಂಬಿ ಬಂತು. ಹಾಳೆ ಬದಿಗಿಟ್ಟು ಅವನ ಕೈ ಹಿಡಿದಳು.

"ನಂಗೂ ನೀವಂದ್ರೆ ಪ್ರಾಣ. ನಿನ್ನೆನೇ ಹೇಳ್ಬೇಕಿತ್ತು. ನೀವು ನಕ್ಕುಬಿಟ್ರೆ ಅಂತ ಹೆದರಿದ್ದೆ."

"ನಗೋದಾ? ನಾನಾ?"

ಇಬ್ಬರೂ ಜೋರಾಗಿ ನಕ್ಕರು.

"ಅಲ್ಲೂ ಕ್ಯಾಮೆರಾ ಕೆಡುತ್ತಲ್ವಾ?" ಅವನು ಮೆಲ್ಲಗೆ ಕೇಳಿದ.

"ಕೆಡದಿದ್ರೆ ನಾನೇ ಕೆಡಿಸ್ತೀನಿ, ಬನ್ನಿ!"